‘ನಮ್ಮ ಮಕ್ಕಳ’ ಶಿಬಿರ

ಮಾರ್ಚ್ ಕೊನೆಯ ವಾರ ಒಂದು ಫೋನ್ ಬಂತು. ಘಟ್ಟದ ಮೇಲಿನ ಕಾಫಿ ತೋಟವೊಂದರಲ್ಲಿ ಪ್ರತಿ ಬೇಸಿಗೆ ಮಕ್ಕಳ ಶಿಬಿರ ನಡೆಸುವವರದು. ಆರು ಬೇಸಿಗೆ ನಾನು ಅಲ್ಲಿ ನಾಟಕ ಕಲಿಸಿದ್ದೇನೆ. ಬಿಟ್ಟು ನಾಲ್ಕು ವರ್ಷವಾಯಿತು. ‘ಮೇಷ್ಟ್ರೇ, ಈ ಸಲ ನೀವು ಬರಲೇಬೇಕು, ಮಕ್ಕಳು ಕೇಳ್ತಾರೆ’ ಎಂದರು. ಆಗುವುದಿಲ್ಲ ಎಂದೆ. ಆರೋಗ್ಯ ವಿಚಾರಿಸಿದರು, ಚೆನ್ನಾಗಿದೆ ಎಂದೆ. ಗೌರವಧನ ಹೆಚ್ಚು ಮಾಡುತ್ತೇವೆ ಎಂದರು, ಅದಕ್ಕಲ್ಲ ಎಂದೆ. ‘ಹಂಗಾದ್ರೆ ಯಾಕೆ ಅಂತಾದ್ರೂ ಹೇಳಿ’ ಎಂದರು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ಒಂದು ಸಮುದಾಯದ ಮಕ್ಕಳಿಗಾಗಿ, ಆ ಸಮುದಾಯದ ಸಂಘ ನಡೆಸುವ ಶಿಬಿರ. ಯಾವ ಸಮುದಾಯ ಎಂದು ಹೇಳುವುದಿಲ್ಲ. ಹೇಳಿದ ಕೂಡಲೇ ಉಳಿದ ಸಮುದಾಯದವರೆಲ್ಲ ಚಪ್ಪಾಳೆ ಹೊಡೆದು, ‘ನೋಡಿ, ಅವರು ಇರುವುದೇ ಹಾಗೆ’ ಎಂದು ಈ ಬರಹವನ್ನು ವಾಟ್ಸಾಪಿನಲ್ಲಿ ಹಂಚುತ್ತಾರೆ. ಹಾಗೆ ಹಂಚುವವರ ಸಂಘಕ್ಕೂ ಬೇಸಿಗೆಯಲ್ಲಿ ಒಂದು ಶಿಬಿರ ಇದ್ದೇ ಇರುತ್ತದೆ. ಹೆಸರು ಬೇರೆ ಬೇರೆ: ಸಂಸ್ಕಾರ ಶಿಬಿರ, ಸಂಸ್ಕೃತಿ ಶಿಬಿರ, ವಸಂತ ಶಿಬಿರ, ‘ನಮ್ಮ ಬೇರು’. ಜಾಗ ಮಾತ್ರ ಸಾಮಾನ್ಯವಾಗಿ ಒಂದೇ: ಬೆಟ್ಟ. ಸಮುದಾಯದ ಯಾರೋ ಅನುಕೂಲಸ್ಥರ ತೋಟ, ಇಲ್ಲದಿದ್ದರೆ ಹೋಂಸ್ಟೇ. ಏಪ್ರಿಲ್ ಎರಡನೇ ವಾರ ಬೆಂಗಳೂರಿನಿಂದ ಬಸ್ಸು ಹೊರಡುತ್ತದೆ.

ಶಿಬಿರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಅನ್ನ ಬಂದಿರುವುದೇ ಮಕ್ಕಳ ಶಿಬಿರಗಳಿಂದ. ಹತ್ತು ವರ್ಷದ ಹುಡುಗಿ ಮೊದಲ ಸಲ ಅಮ್ಮನನ್ನು ಬಿಟ್ಟು ಮಲಗುವ ರಾತ್ರಿ, ಅವಳ ಪಕ್ಕದ ಹಾಸಿಗೆಯಲ್ಲಿ ಅಪರಿಚಿತೆಯೊಬ್ಬಳಿದ್ದು, ಬೆಳಗಾಗುವಷ್ಟರಲ್ಲಿ ಅವರಿಬ್ಬರೂ ಒಂದೇ ಬಕೆಟ್ಟಿನ ನೀರಿಗೆ ಜಗಳವಾಡುವಷ್ಟು ಆಪ್ತರಾಗುವುದನ್ನು ಕಂಡವನು ಶಿಬಿರದ ವಿರುದ್ಧ ಮಾತಾಡಲಾರ. ಹೂಮಳೆ ಬಿದ್ದ ಮಾರನೆ ವಾರ ತೋಟವೆಲ್ಲ ಬಿಳಿ ಹೂ ಹೊತ್ತು ನಿಂತಾಗ, ಕಾಫಿ ಎಂದರೆ ಪ್ಯಾಕೆಟ್ಟು ಎಂದುಕೊಂಡಿದ್ದ ಮಕ್ಕಳು ಆ ವಾಸನೆಗೆ ಮೂಗು ಅರಳಿಸಿ ನಿಲ್ಲುವುದನ್ನೂ ನೋಡಿದ್ದೇನೆ. ನನ್ನ ತಕರಾರು ಬೆಟ್ಟದ ಬಗ್ಗೆಯೂ ಅಲ್ಲ, ಮಕ್ಕಳ ಬಗ್ಗೆಯೂ ಅಲ್ಲ, ಆ ತೋಟದ ಗೇಟಿನ ಬಗ್ಗೆ.

ಗೇಟು ತೋಟದಲ್ಲಿ ಶುರುವಾಗುವುದಿಲ್ಲ, ಅರ್ಜಿಯಲ್ಲಿ ಶುರುವಾಗುತ್ತದೆ. ಮೊದಲ ಕಾಲಂ ಮಗುವಿನ ಹೆಸರು. ಎರಡನೆಯದು ಒಳಪಂಗಡ ಮತ್ತು ಮನೆತನ. ಅಪ್ಪ ಅಮ್ಮನ ಫೋನ್ ನಂಬರು ಮೂರನೆಯದು. ಮಗುವಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ, ಆಸ್ತಮಾ ಇದೆಯೇ ಎಂಬುದು ಒಂಬತ್ತನೆಯದು. ಆರು ವರ್ಷ ನಾನು ಆ ಅರ್ಜಿಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ ಗುಂಪು ಮಾಡಿದ್ದೇನೆ. ಎರಡನೇ ಕಾಲಮ್ಮಿನ ಮೇಲೆ ಕಣ್ಣು ನಿಂತದ್ದು ಐದನೇ ವರ್ಷ. ಅಷ್ಟು ನಿಧಾನ ನಾನು.

ಐದನೇ ವರ್ಷ ಪುಣ್ಯಕೋಟಿ ನಾಟಕ ಮಾಡಿಸುತ್ತಿದ್ದೆ. ಅದನ್ನೇ ಆರಿಸಿಕೊಳ್ಳಲು ದೊಡ್ಡ ಕಾರಣವೇನಿಲ್ಲ; ಎಲ್ಲ ಮಕ್ಕಳಿಗೂ ಕಥೆ ಗೊತ್ತಿರುತ್ತದೆ, ಹಸುಗಳ ಹಿಂಡಿನಲ್ಲಿ ಎಷ್ಟು ಮಕ್ಕಳನ್ನಾದರೂ ತುಂಬಬಹುದು. ತೊಂದರೆ ಬಂದದ್ದು ಹುಲಿಯದು. ಆ ಗುಂಪಿನಲ್ಲಿ ಯಾರಿಗೂ ಹುಲಿ ಆಗಲು ಬರುತ್ತಿರಲಿಲ್ಲ. ಎಲ್ಲರೂ ಕಾರ್ಟೂನಿನ ಹುಲಿಯಂತೆ ಕಿರುಚುತ್ತಿದ್ದರು. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು ಬರುತ್ತಿದ್ದ ಅಕ್ಕನೊಬ್ಬರಿದ್ದರು, ತೋಟದ ಲೈನ್ ಮನೆಯವರು. ಅವರ ಮಗ, ಹನ್ನೊಂದು ಹನ್ನೆರಡು ವರ್ಷದವನು, ದಿನವೂ ಅಮ್ಮನ ಜೊತೆ ಬಂದು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ನಮ್ಮ ರಿಹರ್ಸಲ್ ನೋಡುತ್ತಿದ್ದ. ಒಂದು ಸಂಜೆ ಮಕ್ಕಳೆಲ್ಲ ಹಾಲು ಕುಡಿಯಲು ಹೋದಾಗ ಅವನು ಕಣಕ್ಕಿಳಿದು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಹುಲಿ ನಡೆದ. ಕಿರುಚಲಿಲ್ಲ. ಹೆಗಲು ಮುಂದೆ ಮಾಡಿ, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ. ನನ್ನ ಮೈ ಜುಂ ಎಂದಿತು. ಮರುದಿನದಿಂದ ಅವನೇ ಅರ್ಬುತ.

ಮಕ್ಕಳು ಇದನ್ನು ಹೇಗೆ ತೆಗೆದುಕೊಂಡರು ಎಂಬುದನ್ನು ಹೇಳಬೇಕು, ಏಕೆಂದರೆ ಮುಂದೆ ಎಲ್ಲರೂ ಮಕ್ಕಳ ಹೆಸರನ್ನೇ ಮುಂದಿಟ್ಟರು. ಮಕ್ಕಳಿಗೆ ಏನೂ ಅನ್ನಿಸಲೇ ಇಲ್ಲ. ಮೊದಲ ದಿನ ‘ಇವನು ಯಾವ ರೂಮು’ ಎಂದು ಒಬ್ಬ ಕೇಳಿದ, ಅಷ್ಟೆ. ಮೂರನೇ ದಿನಕ್ಕೆ ಹಸುಗಳೆಲ್ಲ ಹುಲಿಯ ಹಿಂದೆ ಬಿದ್ದಿದ್ದವು. ಅವನು ಅವರಿಗೆ ಕಾಡು ನೆಲ್ಲಿ ಎಲ್ಲಿ ಸಿಗುತ್ತದೆಂದು ತೋರಿಸಿದ, ಅವರು ಅವನಿಗೆ ಕ್ಯೂಬ್ ತಿರುಗಿಸಲು ಕಲಿಸಿದರು. ಮುಖವಾಡವನ್ನು ನಾವೆಲ್ಲ ಸೇರಿ ಹಳೆ ಪೇಪರು, ಮೈದಾ ಅಂಟು ಹಾಕಿ ಮಾಡಿದೆವು. ಪಟ್ಟೆ ಬಳಿದವನು ಅವನೇ.

ಸಮಾರೋಪಕ್ಕೆ ಎರಡು ದಿನ ಇದ್ದಾಗ ಕಮಿಟಿಯ ಇಬ್ಬರು ಬಂದರು. ಒಳ್ಳೆಯ ಜನ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಒಬ್ಬರು ನನಗೆ ಜ್ವರ ಬಂದಾಗ ರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದವರು. ಅವರೇ ಮಾತು ತೆಗೆದರು: ‘ಮೇಷ್ಟ್ರೇ, ಹುಡುಗ ಚೆನ್ನಾಗಿ ಮಾಡ್ತಾನೆ, ಇಲ್ಲ ಅನ್ನಲ್ಲ. ಆದರೆ ನೋಡಿ, ಪೇರೆಂಟ್ಸ್ ಬರ್ತಾರೆ, ಫೋಟೋ ವೀಡಿಯೋ ಎಲ್ಲ ಗ್ರೂಪಿಗೆ ಹೋಗುತ್ತೆ. ದುಡ್ಡು ಕಟ್ಟಿದವರ ಮಕ್ಕಳು ಹಸು ಆಗಿ, ಇವನು ಮೇನ್ ರೋಲ್ ಮಾಡಿದ್ರೆ ಕೇಳ್ತಾರೆ. ಇದು ನಮ್ಮ ಮಕ್ಕಳ ಶಿಬಿರ ಅಲ್ವಾ?’

ನಾನು ವಾದ ಮಾಡಿದೆ ಎಂದು ಬರೆಯಬೇಕೆಂದು ಆಸೆ. ಮಾಡಲಿಲ್ಲ. ಸ್ವಲ್ಪ ಗೊಣಗಿದೆ, ಆಮೇಲೆ ಒಪ್ಪಿದೆ. ಮರುದಿನ ಬೆಳಿಗ್ಗೆ ಆ ಹುಡುಗನಿಗೆ, ‘ನೀನು ಚೆಂಡೆ ಬಾರಿಸುವವರ ಹತ್ತಿರ ಕೂತು ತಾಳ ಹಾಕು’ ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. ಲೈನ್ ಮನೆಯ ಮಕ್ಕಳಿಗೆ ಯಾಕೆ ಎಂದು ಕೇಳುವ ಅಭ್ಯಾಸ ಬಹಳ ಬೇಗ ತಪ್ಪಿಹೋಗಿರುತ್ತದೆ. ‘ಮುಖವಾಡ ಇಲ್ಲೇ ಇಡ್ಲಾ ಸಾರ್, ಅಡುಗೆಮನೇಲಿ ಇಡ್ಲಾ?’ ಎಂದು ಮಾತ್ರ ಕೇಳಿದ. ಸಮಾರೋಪದ ದಿನ ಅವನೂ ಬರಲಿಲ್ಲ, ಅವನ ಅಮ್ಮನೂ ಬರಲಿಲ್ಲ. ಪಾತ್ರೆ ತೊಳೆಯಲು ಬೇರೆ ಯಾರನ್ನೋ ಕರೆಸಿದ್ದರು. ಹುಲಿಯಾಗಿದ್ದ ಪ್ರಾಯೋಜಕರ ಮಗ ಚೆನ್ನಾಗಿಯೇ ಕಿರುಚಿದ. ಕೊಟ್ಟ ಮಾತಿಗೆ ತಪ್ಪಲಾರೆನೆನ್ನುವ ಹಸುವಿನ ಕಥೆಯನ್ನು ನಿರ್ದೇಶಿಸಿದವನು ಪಕ್ಕದಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ. ಅದರ ಮರುವರ್ಷವೂ ಹೋದೆ. ಮಗಳ ಫೀಸು ಕಟ್ಟುವುದಿತ್ತು.

ಆದ್ದರಿಂದ ಈ ಬರಹದಲ್ಲಿ ನಾನು ಕಟಕಟೆಯ ಹೊರಗೆ ನಿಂತಿಲ್ಲ. ಆದರೆ ಆ ದಿನ ಮಕ್ಕಳು ಕಲಿತದ್ದೇನು ಎಂಬುದನ್ನು ಮಾತ್ರ ಮರೆಯಲು ಆಗಿಲ್ಲ. ಇಬ್ಬರು ಹುಡುಗಿಯರು ಬಂದು ‘ಹುಲಿ ಎಲ್ಲಿ ಸಾರ್?’ ಎಂದು ಕೇಳಿದರು. ಹುಷಾರಿಲ್ಲ ಎಂದೆ. ಉಳಿದ ಮೂವತ್ತೊಂಬತ್ತು ಮಕ್ಕಳು ಕೇಳಲಿಲ್ಲ. ಹತ್ತು ದಿನದ ಶ್ಲೋಕ, ಯೋಗ, ಹಾಡು, ಕುಣಿತ ಇವೆಲ್ಲ ಜೂನ್ ತಿಂಗಳಿಗೆ ಮರೆತುಹೋಗುತ್ತವೆ. ಕೇಳಬಾರದು ಎಂಬುದು ಮರೆಯುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಕಲಿಸಿರುವುದಿಲ್ಲ, ಅದಕ್ಕೇ.

ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಪ್ರಸಿದ್ಧ ಪ್ರಯೋಗ ಗೊತ್ತಿರುತ್ತದೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬ ಗುಡ್ಡಗಾಡಿನಲ್ಲಿ ಮುಝಫರ್ ಶೆರಿಫ್ 22 ಹುಡುಗರಿಗೆ ಒಂದು ಬೇಸಿಗೆ ಶಿಬಿರ ನಡೆಸಿದರು. ಎಲ್ಲರೂ ಬಿಳಿಯರು, ಪ್ರಾಟೆಸ್ಟೆಂಟರು, ಮಧ್ಯಮ ವರ್ಗದ ಮನೆಯವರು, ಹೆಚ್ಚುಕಡಿಮೆ ಒಂದೇ ವಯಸ್ಸು. ಜಗಳವಾಡಲು ಯಾವ ಕಾರಣವೂ ಇಲ್ಲದ ಈ ಹುಡುಗರನ್ನು ಎರಡು ಗುಂಪು ಮಾಡಿ, ಒಬ್ಬರಿಗೊಬ್ಬರು ಕಾಣದಂತೆ ಕೆಲವು ದಿನ ಇಟ್ಟು, ಆಮೇಲೆ ಬಹುಮಾನದ ಆಟಗಳಿಗೆ ಎದುರುಬದುರು ಬಿಟ್ಟರು. ಒಂದು ವಾರದೊಳಗೆ ಅವರು ಪರಸ್ಪರರ ಬಾವುಟ ಸುಟ್ಟರು, ರಾತ್ರಿ ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗಿದರು. ಪಠ್ಯಪುಸ್ತಕಗಳು ಇದನ್ನು ಹೇಳಿ, ಕೊನೆಗೆ ಕೆಟ್ಟ ನೀರಿನ ವ್ಯವಸ್ಥೆಯನ್ನು ಇಬ್ಬರೂ ಸೇರಿ ಸರಿಪಡಿಸಿ ರಾಜಿಯಾದರು ಎಂದು ಮುಗಿಸುತ್ತವೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇದರ ಹಿಂದಿನ ವರ್ಷ ನಡೆದದ್ದು. 1953ರಲ್ಲಿ ಶೆರಿಫ್ ಇದೇ ಬಗೆಯ ಶಿಬಿರವನ್ನು ನ್ಯೂಯಾರ್ಕ್ ರಾಜ್ಯದ ಮಿಡ್ಲ್ ಗ್ರೋವ್‌ನಲ್ಲಿ ನಡೆಸಿ, ಅರ್ಧಕ್ಕೇ ಕೈಬಿಟ್ಟಿದ್ದರು. ಅಲ್ಲಿ ಗುಂಪು ಮಾಡುವ ಮೊದಲು ಹುಡುಗರೆಲ್ಲ ಒಂದೆರಡು ದಿನ ಒಟ್ಟಿಗೇ ಇದ್ದರು, ಸ್ನೇಹಿತರಾಗಿಬಿಟ್ಟಿದ್ದರು. ಆಮೇಲೆ ಬೇರೆ ಮಾಡಿ, ಶಿಬಿರದ ದೊಡ್ಡವರೇ ಕಿತಾಪತಿ ಮಾಡಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಲು ನೋಡಿದರೂ ಹುಡುಗರು ಬಗ್ಗಲಿಲ್ಲ. 2018ರಲ್ಲಿ ಜೀನಾ ಪೆರ್ರಿ ಈ ಮುಚ್ಚಿಹೋಗಿದ್ದ ಪ್ರಯೋಗದ ಬಗ್ಗೆ ‘ದ ಲಾಸ್ಟ್ ಬಾಯ್ಸ್’ ಎಂಬ ಪುಸ್ತಕ ಬರೆದರು. ಒಂದೆರಡು ದಿನದ ಗೆಳೆತನ ಸಾಕಾಗಿತ್ತು! ಎರಡನೇ ಕಾಲಂ ತಡೆಯುವುದು ಆ ಒಂದೆರಡು ದಿನವನ್ನೇ. ಬೆಂಗಳೂರಿನ ಅಪಾರ್ಟ್‌ಮೆಂಟು, ಶುಲ್ಕದ ಪ್ರಕಾರ ಸೋಸಿದ ಶಾಲೆ, ಟ್ಯೂಷನ್ನು ಇವುಗಳ ನಡುವೆ ತಮ್ಮಂಥವರಲ್ಲದ ಮಕ್ಕಳನ್ನು ಇವರು ಎಲ್ಲಿ ನೋಡಬೇಕು? ವರ್ಷಕ್ಕೆ ಹತ್ತು ದಿನ ಸಿಗುವ ಅವಕಾಶ ಶಿಬಿರ. ಅದನ್ನೂ ಸೋಸಿದರೆ ಉಳಿಯುವುದೇನು?

ಮಕ್ಕಳನ್ನು ಬೆಟ್ಟ ಹತ್ತಿಸಿ ಬೇಲಿ ಹಾಕುವುದು ಹೊಸದೇನಲ್ಲ ಬಿಡಿ. ನೀಲಗಿರಿಯ ಲಾರೆನ್ಸ್ ಅಸೈಲಂ 1858ರಲ್ಲಿ ಶುರುವಾದದ್ದು ಬ್ರಿಟಿಷ್ ಸೈನಿಕರ ಮಕ್ಕಳಿಗೆ. ಕೊಡೈಕೆನಾಲಿನಲ್ಲಿ 1901ರಲ್ಲಿ ಅಮೆರಿಕನ್ ಮಿಷನರಿಗಳು ತಮ್ಮ ಮಕ್ಕಳಿಗೆಂದು ಶಾಲೆ ಮಾಡಿಕೊಂಡರು. ಬಯಲಿನ ಸೆಕೆ, ಕಾಯಿಲೆಯ ಭಯ ಒಂದು ಕಡೆ. ಆಯಾಗಳ ಮಡಿಲಲ್ಲಿ ಬೆಳೆದು ಮಕ್ಕಳು ಇಲ್ಲಿನ ಮಾತು, ಇಲ್ಲಿನ ನಡತೆ ಕಲಿತುಬಿಟ್ಟಾರು ಎಂಬ ಭಯ ಇನ್ನೊಂದು ಕಡೆ. ಈಗ ದೊರೆಗಳು ಹೋಗಿದ್ದಾರೆ, ಭಯ ಅದೇ ತೋಟದ ಬಂಗಲೆಯಲ್ಲಿ ಉಳಿದುಕೊಂಡಿದೆ. ಬಡಮಕ್ಕಳ ಬೇಸಿಗೆ ಶಿಬಿರ ಎಂಬ ಕಲ್ಪನೆಗೆ ಬೇರೆಯೇ ಒಂದು ಮೂಲವೂ ಇದೆ. 1876ರಲ್ಲಿ ಜ್ಯೂರಿಚ್ ನಗರದ ಪಾದ್ರಿ ವಾಲ್ಟರ್ ಬಿಯಾನ್ ಕೊಳಕು ಗಲ್ಲಿಗಳ ಮಕ್ಕಳನ್ನು ಒಳ್ಳೆಯ ಊಟ, ಒಳ್ಳೆಯ ಗಾಳಿ ಸಿಗಲಿ ಎಂದು ಆಪೆನ್‌ಸೆಲ್ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಯುರೋಪಿನಲ್ಲಿ ಮಕ್ಕಳ ರಜಾಶಿಬಿರಗಳು ಹರಡಿದ್ದು ಅಲ್ಲಿಂದ. ನಮ್ಮಲ್ಲಿ ತಲೆಕೆಳಗಾಗಿದೆ. ಊಟ ಗಾಳಿ ಎರಡೂ ಇರುವ ಮಕ್ಕಳು ಬೆಟ್ಟಕ್ಕೆ ಬರುತ್ತಾರೆ. ಬೆಟ್ಟದ ಮಕ್ಕಳಿಗೆ ರಜೆ ಎಂದರೆ ಶಾಲೆಯ ಬಿಸಿಯೂಟ ನಿಲ್ಲುವ ಕಾಲ. ಬರಪೀಡಿತ ತಾಲ್ಲೂಕುಗಳಲ್ಲಿ ಸರ್ಕಾರ ಬೇಸಿಗೆಯಲ್ಲೂ ಬಿಸಿಯೂಟ ಕೊಟ್ಟದ್ದುಂಟು. ಹಸಿರು ಬೆಟ್ಟದಲ್ಲಿ ಬರ ಯಾರಿಗೆ ಕಾಣುತ್ತದೆ?

ಇದನ್ನೆಲ್ಲ ಹೇಳಿದರೆ ಬರುವ ಉತ್ತರ ನನಗೆ ಬಾಯಿಪಾಠ. ‘ನಮ್ಮ ಭಾಷೆ ಸಾಯುತ್ತಿದೆ, ಮಕ್ಕಳಿಗೆ ಮನೆಮಾತೇ ಬರುವುದಿಲ್ಲ, ನಾವು ನಾವೇ ಸೇರಿ ಕಲಿಸದಿದ್ದರೆ ಇನ್ಯಾರು ಕಲಿಸುತ್ತಾರೆ?’ ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೊಡವ ತಕ್ಕ್ ಇರಲಿ, ಕೊರಗರ ಭಾಷೆ ಇರಲಿ, ಸೋಲಿಗರ ನುಡಿ ಇರಲಿ, ಘಟ್ಟದ ಮೇಲಿನ ಒಂದೊಂದು ಕಣಿವೆಯ ಮನೆಮಾತಿರಲಿ, ಬೆಂಗಳೂರಿನ ಮೂರನೇ ಮಹಡಿಯಲ್ಲಿ ಒಂದು ತಲೆಮಾರು ಸುಮ್ಮನಾದರೆ ಮುಗಿಯಿತು. ಹೊರಗೆ ನಿಲ್ಲಿಸಿಕೊಂಡೇ ಬಂದ ಜನ ತಾವೇ ಸೇರಿ ತಮ್ಮ ಮಕ್ಕಳಿಗೆ ಹಾಡು, ಕುಣಿತ, ಕಾಡಿನ ಜ್ಞಾನ ಕಲಿಸಿಕೊಳ್ಳುವ ಶಿಬಿರಕ್ಕೂ ಇದಕ್ಕೂ ನಾನು ಒಂದೇ ತಕ್ಕಡಿ ಹಿಡಿಯುವುದಿಲ್ಲ. ಅವರ ಪಾತ್ರೆ ತೊಳೆಯಲು ಯಾರೂ ಬರುವುದಿಲ್ಲ ಎಂಬುದೇ ಸಾಕಷ್ಟು ವ್ಯತ್ಯಾಸ. ಹಾಗೆಯೇ ನಮ್ಮ ದೊಡ್ಡ ಸಮುದಾಯ ಸಂಘಗಳು ಹುಟ್ಟಿದ ಕಾಲದ ಅಗತ್ಯವನ್ನೂ ಒಪ್ಪುತ್ತೇನೆ. ವೀರಶೈವ ಮಹಾಸಭಾ 1904ರದು, ಒಕ್ಕಲಿಗರ ಸಂಘ 1906ರದು. ಹಳ್ಳಿಯಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಓದಲು ಒಂದು ಮೂಲೆ, ಎರಡು ಹೊತ್ತು ಊಟ ಕೊಡುವವರು ಬೇರೆ ಯಾರೂ ಇಲ್ಲದಿದ್ದಾಗ ಸಮುದಾಯದ ಹಾಸ್ಟೆಲ್ಲು ಬೇಕಿತ್ತು. ಬಾಗಿಲು ಮುಚ್ಚಿದ್ದವರು ಬೇರೆಯವರು, ಇವರು ಬೇರೊಂದು ಬಾಗಿಲು ತೆರೆದರು. ಈಗ ಯಾವ ಬಾಗಿಲು ಮುಚ್ಚಿದೆ ಎಂದು ಇವರ ಮಕ್ಕಳು ಕಾಫಿ ತೋಟಕ್ಕೆ ಬರಬೇಕು?

ಭಾಷೆಯ ಮಾತಿಗೆ ಬರೋಣ. ಆ ಶಿಬಿರದಲ್ಲಿ ದಿನಕ್ಕೆ ಒಂದು ಗಂಟೆ ಮನೆಮಾತಿನ ತರಗತಿ ಇತ್ತು. ಬೆಂಗಳೂರು, ಪುಣೆ, ದುಬೈಯಿಂದ ಬಂದ ಮಕ್ಕಳು ‘ಬಾ’, ‘ಹೋಗು’, ‘ಉಂಡೆಯಾ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಉರುಹೊಡೆಯುತ್ತಿದ್ದರು. ಆ ತರಗತಿಯ ಕಿಟಕಿಯ ಹೊರಗೆ ಕೂತಿದ್ದ ನಮ್ಮ ಹುಲಿಗೆ ಆ ಮಾತು ನೀರು ಕುಡಿದಷ್ಟು ಸಲೀಸು. ಅವನ ಅಮ್ಮ ದೊಡ್ಡಮನೆಯಲ್ಲಿ ಕೆಲಸ ಮಾಡುತ್ತ ಅವನನ್ನು ಆ ಮನೆಯ ಜಗಲಿಯಲ್ಲೇ ಆಡಲು ಬಿಟ್ಟು ಬೆಳೆಸಿದವರು. ಅಲ್ಲಿನ ಅಜ್ಜಿಯ ಬೈಗುಳ, ಗಾದೆ, ಮಳೆ ಬರುವ ಮೊದಲು ಆಡುವ ಮಾತು ಎಲ್ಲ ಅವನ ನಾಲಗೆಯ ಮೇಲಿತ್ತು. ಒಂದು ದಿನ ಮೇಷ್ಟ್ರಿಗೇ ಒಂದು ಪದ ನೆನಪಾಗದೆ ತಡವರಿಸಿದಾಗ ಅವನು ಕಿಟಕಿಯಿಂದ ಹೇಳಿದ. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಭಾಷೆ ಉಳಿಸುವುದೇ ಉದ್ದೇಶವಾಗಿದ್ದರೆ ಆ ಹುಡುಗನನ್ನು ಒಳಗೆ ಕರೆದು, ಮಕ್ಕಳ ಮಧ್ಯೆ ಕೂರಿಸಿ, ಅವನ ಜೊತೆ ಆಡಲು ಬಿಟ್ಟಿದ್ದರೆ ಹತ್ತು ದಿನದಲ್ಲಿ ಆ ನಲವತ್ತೊಂದು ಮಕ್ಕಳೂ ಮಾತಾಡುತ್ತಿದ್ದರು. ಅವನನ್ನು ಕರೆಯಲಿಲ್ಲ. ಭಾಷೆ ಬಾರದ ರಕ್ತ ಒಳಗೆ, ಭಾಷೆ ಬರುವ ನಾಲಗೆ ಹೊರಗೆ. ಉಳಿಸಬೇಕಾದದ್ದು ಭಾಷೆ ಎಂದು ನಾನು ಹೇಗೆ ನಂಬಲಿ?

ಉಳಿಸಬೇಕಾದದ್ದು ಏನು ಎಂದು ನನಗೆ ತಿಳಿಸಿದವರು ಒಬ್ಬ ತಾಯಿ. ಸಮಾರೋಪದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದರು. ಬಹಳ ಪ್ರಾಮಾಣಿಕ ಹೆಂಗಸು. ‘ಶ್ಲೋಕ ಗೀಕ ನಂಗೇನೂ ಬೇಡ ಸಾರ್. ಆದರೆ ಈಗಿಂದ ಒಬ್ಬರಿಗೊಬ್ಬರು ಗೊತ್ತಿದ್ರೆ ಮುಂದೆ ಸಂಬಂಧಕ್ಕೂ ಒಳ್ಳೇದಲ್ವಾ? ಆಮೇಲೆ ಕಾಲೇಜಲ್ಲಿ ಯಾರನ್ನೋ ಕಟ್ಕೊಂಡು ಬಂದ್ರೆ ಏನು ಮಾಡೋದು?’ ಎಂದರು. ಹತ್ತು ವರ್ಷದ ಮಗಳು ಪಕ್ಕದಲ್ಲೇ ಜಿಲೇಬಿ ತಿನ್ನುತ್ತಿದ್ದಳು. ಬೇರು, ಸಂಸ್ಕೃತಿ, ಪರಂಪರೆ ಎಂದು ಆಮಂತ್ರಣ ಪತ್ರಿಕೆ ನಾಲ್ಕು ಪುಟದಲ್ಲಿ ಹೇಳಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಊಟದ ಹಾಲಿನ ಗೋಡೆಯ ಮೇಲೆ ಕುವೆಂಪು ಅವರ ದೊಡ್ಡ ಫೋಟೋ ಇತ್ತು, ಕೆಳಗೆ ವಿಶ್ವಮಾನವ ಎಂದು ಬಣ್ಣದಲ್ಲಿ ಬರೆದಿದ್ದರು. ಬರೆದವರು ಮಕ್ಕಳೇ. ಚೆನ್ನಾಗಿಯೇ ಬರೆದಿದ್ದರು.

ಬೇರೆ ಥರ ಆಗುವುದಿಲ್ಲವೇ ಎಂದರೆ, ಆಗಿದೆ. ಶಿವರಾಮ ಕಾರಂತರು ಪುತ್ತೂರಿನ ಗುಡ್ಡದಲ್ಲಿ ಬಾಲವನ ಕಟ್ಟಿದಾಗ ಮಕ್ಕಳ ಮನೆತನ ಕೇಳಿ ಕುಣಿಸಲಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ನೂರಾರು ಮಕ್ಕಳು ಒಂದೇ ಅಂಗಳದಲ್ಲಿ ಗಲಾಟೆ ಮಾಡುತ್ತಾರೆ. ಒಮ್ಮೆ ಹೋಗಿ ನೋಡಿ, ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲೂ ಬೇಸಿಗೆ ಶಿಬಿರ ನಡೆಯುತ್ತಿದೆ. ಅಲ್ಲಿ ಹೂಮಳೆಯ ವಾಸನೆ ಇಲ್ಲ, ಸಂಜೆ ಬೋಂಡಾ ಇಲ್ಲ, ಕೆಲವು ಕಡೆ ಫ್ಯಾನೂ ತಿರುಗುವುದಿಲ್ಲ. ಕಲಿಸುವವರಿಗೆ ಗೌರವಧನವೂ ಅಷ್ಟಕ್ಕಷ್ಟೇ. ಹಣವಿರುವ ಸಂಘಗಳು, ತೋಟವಿರುವ ದೊಡ್ಡವರು ಮನಸ್ಸು ಮಾಡಿದರೆ ಇಂಥ ಶಿಬಿರಗಳ ಮಕ್ಕಳನ್ನು ಬೆಟ್ಟಕ್ಕೆ ಕರೆಸಬಹುದು, ತಮ್ಮ ಮಕ್ಕಳ ಪಕ್ಕದಲ್ಲೇ ಹಾಸಿಗೆ ಹಾಕಿಸಬಹುದು. ಖರ್ಚು ಹೆಚ್ಚಾಗುವುದಿಲ್ಲ, ಲೆಕ್ಕ ಹಾಕಿ ನೋಡಿದ್ದೇನೆ. ಸಮಾರೋಪದ ಹಾರ, ಶಾಲು, ಫಲಕಗಳ ದುಡ್ಡಿನಲ್ಲಿ ಹದಿನೈದು ಮಕ್ಕಳ ಊಟ ಹುಟ್ಟುತ್ತದೆ. ನನಗೂ ಹಾಕಿದ್ದರು ಎರಡು ಶಾಲು. ಒಂದು ಇಸ್ತ್ರಿ ಮೇಜಿನ ಮೇಲೆ ಹಾಸಿದೆ.

ಇಷ್ಟು ಬರೆದಾದ ಮೇಲೆ, ಮೊನ್ನೆ ಮತ್ತೆ ಅದೇ ಫೋನ್ ಬಂತು. ಈ ಸಲ ನಾನೇ ಮೊದಲು ಮಾತಾಡಿದೆ. ‘ಅರ್ಜಿಯಲ್ಲಿ ಎರಡನೇ ಕಾಲಂ ತೆಗೆದುಹಾಕಿ. ಲೈನ್ ಮನೆ ಮಕ್ಕಳಲ್ಲಿ ಬರುವವರು ಬರಲಿ, ಅವರಿಗೂ ಅದೇ ರೂಮು, ಅದೇ ಊಟ. ಹಾಗಾದರೆ ಗೌರವಧನ ಬೇಡ, ಬಸ್ ಚಾರ್ಜೂ ಬೇಡ, ಹತ್ತು ದಿನ ಬರ್ತೀನಿ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ‘ನನಗೇನೂ ಅಭ್ಯಂತರ ಇಲ್ಲ ಮೇಷ್ಟ್ರೇ. ಕಮಿಟೀಲಿ ಇಟ್ಟು ಹೇಳ್ತೀನಿ’ ಎಂದರು. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದೆ. ಹತ್ತನೇ ಕ್ಲಾಸಿಗೆ ಬಿಟ್ಟ, ಪಕ್ಕದ ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಾನೆ, ಗೆಸ್ಟುಗಳನ್ನು ಟ್ರೆಕ್ಕಿಂಗಿಗೆ ಕರೆದುಕೊಂಡು ಹೋಗುತ್ತಾನೆ ಎಂದರು. ‘ಈ ಸಲ ನಮ್ಮ ಮಕ್ಕಳನ್ನೂ ಬೆಟ್ಟಕ್ಕೆ ಅವನೇ ಹತ್ತಿಸ್ತಾನೆ’ ಎಂದೂ ಸೇರಿಸಿದರು.

ಕಮಿಟಿಯಿಂದ ಉತ್ತರ ಬಂದಿಲ್ಲ. ಶಿಬಿರ ನಿನ್ನೆ ಶುರುವಾಗಿದೆ.